ಮನವಿಯವರ ಐದು ಮೆಟ್ಟಿಲು

ಅವರನ್ನು ನಾನು ಮೊದಲು ನೋಡಿದ ದಿನ ಅವರು ತಪ್ಪು ಕುರ್ಚಿಯಲ್ಲಿ ಕೂತಿದ್ದರು.

ತಪ್ಪು ಕುರ್ಚಿ ಅಂದರೆ ಹೊರಗಿನವರಿಗೆ ತಿಳಿಯುವುದಿಲ್ಲ, ಅದಕ್ಕೇ ಹೇಳುತ್ತೇನೆ. ಬಂದರು ಪ್ರಾಧಿಕಾರ ಅನ್ನುವುದು ಹೊರಗಿನಿಂದ ಒಂದೇ ಕಟ್ಟಡ, ಒಳಗೆ ಎರಡು ಸಂಸಾರ. ಹಡಗು ನೋಡಿಕೊಳ್ಳುವವರು ಎಡಗಡೆ, ವಿಮಾನ ನಿಲ್ದಾಣ ನೋಡಿಕೊಳ್ಳುವವರು ಬಲಗಡೆ. ಕೆಳಗಿನ ಕೆಲಸದವರಾದ ನಾವು ಒಬ್ಬರನ್ನು ನೀರಿನವರು, ಇನ್ನೊಬ್ಬರನ್ನು ಗಾಳಿಯವರು ಅನ್ನುತ್ತಿದ್ದೆವು. ನಾನು ಎರಡೂ ಕಡೆಗೆ ಚಹಾ ಕೊಡುವವಳು. ನೀರಿನವರಿಗೆ ನೀಲಿ ಅಂಚಿನ ಕಪ್ಪು, ಗಾಳಿಯವರಿಗೆ ಬರೀ ಬಿಳಿ ಕಪ್ಪು. ಒಮ್ಮೆ ಹೇಗೋ ಕಪ್ಪು ಅದಲುಬದಲಾಗಿ, ಗಾಳಿಯವರ ದೊಡ್ಡ ಸಾಹೇಬರು ಆ ದಿನ ಚಹಾ ಮುಟ್ಟಲೇ ಇಲ್ಲ. ಚಹಾ ತಣ್ಣಗಾಯಿತು, ಅವರು ಬಿಸಿಯಾದರು.

ಎರಡು ಕಡೆಗೂ ನಡುವೆ, ಗೋಡೆಗೆ ಒರಗಿಸಿ ಒಂದು ಮುರುಕು ಕುರ್ಚಿ ಇತ್ತು. ದುರಸ್ತಿ ಮಾಡಿಸಿದರೆ ನಮ್ಮದು ಅಂತ ಒಪ್ಪಿಕೊಂಡ ಹಾಗಾಗುತ್ತದೆ ಅಂತ ಎರಡೂ ಕಡೆಯವರು ಅದನ್ನು ಮುಟ್ಟುತ್ತಿರಲಿಲ್ಲ. ಅದರ ಮೇಲೆ ಒಬ್ಬರು ತೆಳ್ಳನೆಯ ಮನುಷ್ಯ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಒಂದು ಕಾಲು ನೆಲಕ್ಕೆ ಊರಿ ಸಮತೋಲ ಮಾಡಿಕೊಂಡು ಕೂತಿದ್ದರು.

"ನೀರಿನವರಾ, ಗಾಳಿಯವರಾ?" ಅಂತ ಕೇಳಿದೆ.

"ಯಾಕಮ್ಮಾ?"

"ಯಾವ ಕಪ್ಪು ಅಂತ ಗೊತ್ತಾಗಬೇಕಲ್ಲ."

"ನಾನು ಎರಡೂ ಅಲ್ಲಮ್ಮ. ರಾಜಧಾನಿಗೆ ಹೋಗಿ ಇವರಿಬ್ಬರ ಪರವಾಗಿ ಕೇಳೋ ಕೆಲಸ. ಮನವಿ ವಿಭಾಗ."

"ಆ ವಿಭಾಗದಲ್ಲಿ ಎಷ್ಟು ಜನ ಇದ್ದೀರಿ?"

"ಈ ಕುರ್ಚಿ ಮುರೀದೇ ಇದ್ರೆ ಒಬ್ಬ."

ಕೊಡುವುದಕ್ಕೆ ಬೇರೆ ಕಪ್ಪಿರಲಿಲ್ಲ. ನಾನು ಕುಡಿಯುವ ಸ್ಟೀಲ್ ಲೋಟವನ್ನೇ ತೊಳೆದು ಅದರಲ್ಲಿ ಕೊಟ್ಟೆ. ಅವತ್ತಿನಿಂದ ಅವರು ನಮಗೆಲ್ಲ ಮನವಿಯವರು. ಮನೆಯಲ್ಲಿ ಇಟ್ಟ ಹೆಸರು ಅವರಿಗೇ ಮರೆತುಹೋಗಿತ್ತೋ ಏನೋ, ಆ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದರು ಅಂತ ಹಿಂದಕ್ಕೆ ತಿರುಗಿ ನೋಡುತ್ತಿದ್ದರು.

ಅವರ ಕೆಲಸ ಏನೆಂದರೆ, ವರ್ಷಕ್ಕೊಮ್ಮೆ ಒಂದು ಹೊಳೆಯುವ ಪುಸ್ತಕ ಅಚ್ಚು ಹಾಕಿಸುವುದು, ಅದನ್ನು ಹಿಡಿದುಕೊಂಡು ರಾಜಧಾನಿಗೆ ಹೋಗುವುದು, ಖಾಲಿ ಕೈಯಲ್ಲಿ ವಾಪಸು ಬರುವುದು. ಪುಸ್ತಕದ ಮೇಲೆ 'ರಾಷ್ಟ್ರೀಯ ಆದ್ಯತೆಗಳು' ಅಂತ ಇರುತ್ತಿತ್ತು. ಕೆಳಗೆ ಹಡಗು, ಮೇಲೆ ವಿಮಾನ. ಒಂದು ವರ್ಷ ಹಡಗಿಗಿಂತ ವಿಮಾನ ಒಂದು ಬೆರಳು ಚಿಕ್ಕದಾಗಿ ಕಂಡಿತು ಅಂತ ಎಲ್ಲವನ್ನೂ ರದ್ದಿಗೆ ಹಾಕಿ ಹೊಸದಾಗಿ ಅಚ್ಚು ಹಾಕಿಸಿದರು. ಆ ರದ್ದಿ ಪುಸ್ತಕಗಳ ಹಾಳೆ ದಪ್ಪ, ಪಾತ್ರೆ ಕೆಳಗಿಡುವುದಕ್ಕೆ ನನಗೆ ಬಹಳ ದಿನ ಬಂತು.

ಒಳಗಿನ ಬೇಡಿಕೆ ಮುಖ್ಯವಾಗಿ ಎರಡೇ. ನೀರಿನವರಿಗೆ ಹಡಗು ಬರುವ ದಾರಿಯ ಹೂಳು ಎತ್ತಿಸಿ ಆಳ ಮಾಡಿಸಬೇಕು, ದೊಡ್ಡ ಹಡಗು ಬರುತ್ತದೆ, ದೇಶದ ವ್ಯಾಪಾರ ಬೆಳೆಯುತ್ತದೆ. ಗಾಳಿಯವರಿಗೆ ರನ್‌ವೇ ಉದ್ದ ಮಾಡಿಸಬೇಕು, ದೊಡ್ಡ ವಿಮಾನ ಬರುತ್ತದೆ, ದೇಶದ ವ್ಯಾಪಾರ ಬೆಳೆಯುತ್ತದೆ. ರನ್‌ವೇಗೆ ಈ ಕಡೆ ಜಾಗ ಇಲ್ಲ, ನೀರಿನೊಳಗೆ ಮಣ್ಣು ತುಂಬಿಯೇ ಉದ್ದ ಮಾಡಬೇಕು. ಯಾವ ನೀರು? ನೀರಿನವರು ಆಳ ಮಾಡಿ ಅನ್ನುತ್ತಿದ್ದರಲ್ಲ, ಅದೇ ನೀರು. ಒಬ್ಬರಿಗೆ ತೋಡಬೇಕು, ಒಬ್ಬರಿಗೆ ಮುಚ್ಚಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಮನವಿಯವರ ಕೈಗೆ ಹಗ್ಗ ಕೊಟ್ಟಿದ್ದರು. ಇದು ಕಚೇರಿಯಲ್ಲಿ ಗೇಟಿನವನಿಂದ ಅಧ್ಯಕ್ಷರವರೆಗೆ ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು ಅದಕ್ಕೆ ಪರಿಹಾರವನ್ನೂ ಕಂಡುಹಿಡಿದಿದ್ದರು.

"ಎರಡನ್ನೂ ಬೇರೆ ಬೇರೆ ಪುಟದಲ್ಲಿ ಹಾಕಿ," ಅಂದರು.

ರಾಜಧಾನಿಯಲ್ಲಿ ಮಂತ್ರಿಗಳು ಕೂತು ಕೇಳುವುದಿಲ್ಲವಂತೆ. ಕೋಣೆಯ ಬಾಗಿಲಿಂದ ಹೊರಟು ಕಾರು ಹತ್ತುವವರೆಗೆ ಪಕ್ಕದಲ್ಲಿ ನಡೆಯುತ್ತ ಹೇಳಬೇಕು. ಮಂತ್ರಿಗಳ ಹೆಜ್ಜೆಗೆ ಹೆಜ್ಜೆ ಹಾಕಬೇಕು, ಮುಂದೆ ಹೋಗಬಾರದು, ಹಿಂದೆ ಬೀಳಬಾರದು, ಏದುಸಿರು ಬಿಡಬಾರದು. ಮೊದಲ ವರ್ಷ ಮನವಿಯವರು ಮೆಟ್ಟಿಲು ಇಳಿಯುವುದರೊಳಗೆ ಬರೀ "ಮಾನ್ಯರೇ" ಅನ್ನುವುದನ್ನು ಮುಗಿಸಿದ್ದರು.

ಮರುವರ್ಷ ಹೊರಡುವ ಮುಂಚೆ ಪಡಸಾಲೆಯಲ್ಲಿ ನನ್ನನ್ನು ತಡೆದರು.

"ಅಮ್ಮಾ, ನೀವು ಸ್ವಲ್ಪ ಮಂತ್ರಿ ಆಗ್ತೀರಾ?"

"ಚಹಾ ಆರಿಹೋಗುತ್ತಪ್ಪಾ."

"ಮಂತ್ರಿಗಳೂ ಹಾಗೇ ಅವಸರದಲ್ಲಿ ಇರ್ತಾರೆ. ನೀವು ನಡೀತಾ ಇರಿ, ನಾನು ಪಕ್ಕದಲ್ಲಿ ಹೇಳ್ತಾ ಬರ್ತೀನಿ. ನಿಮ್ಮ ನಡಿಗೆ ಅವರದೇ ನಡಿಗೆ."

ನನ್ನದು ಮಂಡಿ ನೋವಿನ ನಡಿಗೆ. ಮಂತ್ರಿಗಳದ್ದು ಗಾಂಭೀರ್ಯದ ನಡಿಗೆ. ಪಕ್ಕದಲ್ಲಿ ನಡೆಯುವವನಿಗೆ ಎರಡೂ ಒಂದೇ ಅಂತ ಅವರು ಹೇಳಿದರು. ಸರಿ ಅಂತ ತಟ್ಟೆ ಹಿಡಿದುಕೊಂಡೇ ನಡೆದೆ. ಅವರು ಹೂಳು, ರನ್‌ವೇ, ದೇಶದ ವ್ಯಾಪಾರ ಎಲ್ಲ ಹೇಳಿ ಮುಗಿಸಿ, "ಏನಾದ್ರೂ ಹೇಳಿ ಅಮ್ಮಾ, ಮಂತ್ರಿಗಳು ಸುಮ್ಮನೆ ಇರಲ್ಲ," ಅಂದರು. ನಮ್ಮ ಯಜಮಾನರು ಬದುಕಿದ್ದಾಗ ಮನೆಗೆ ಏನಾದರೂ ಬೇಕು ಅಂತ ಕೇಳಿದರೆ ಕೊಡುತ್ತಿದ್ದ ಉತ್ತರವನ್ನೇ ಕೊಟ್ಟೆ.

"ನೋಡೋಣ. ಮನಸ್ಸಲ್ಲಿದೆ. ನೀವು ನೆನಪು ಮಾಡ್ತಾ ಇರಿ."

ರಾಜಧಾನಿಯಿಂದ ಬಂದವರೇ ಸೀದಾ ಚಹಾ ಕೋಣೆಗೆ ಬಂದರು. "ಅಮ್ಮಾ, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಅದನ್ನೇ ಹೇಳಿದ್ರು!" ಅಂತ ನಕ್ಕರು. ಅಡ್ಡಗೋಡೆಯ ಮೇಲೆ ದೀಪ ಇಡುವ ಕಲೆಗೆ ರಾಜಧಾನಿ ಅಂತಲೂ ಇಲ್ಲ, ಅಡುಗೆಮನೆ ಅಂತಲೂ ಇಲ್ಲ.

ಹೀಗೆ ಪ್ರತಿ ವರ್ಷ ನಾನು ಮಂತ್ರಿ ಆಗುತ್ತ ಬಂದೆ. ಕಚೇರಿಯ ಮೆಟ್ಟಿಲ ತಿರುವಿನಲ್ಲಿ ಮಂಡಿ ಹಿಡಿದುಕೊಂಡು ನಾನು ನಿಲ್ಲುತ್ತಿದ್ದೆ. ಮನವಿಯವರಿಗೆ ಅಲ್ಲಿ ಒಂದು ವಿಷಯ ಹೊಳೆಯಿತು. ನಡೆಯುವಾಗ ಹೇಳಿದ ಮಾತು ಗಾಳಿಗೆ ಹೋಗುತ್ತದೆ, ನಿಂತಾಗ ಹೇಳಿದ ಮಾತು ಕಿವಿಗೆ ಬೀಳುತ್ತದೆ. ಮಂತ್ರಿಗಳು ನಿಲ್ಲುವುದು ಒಂದೇ ಕಡೆ, ಕಾರಿನ ಬಾಗಿಲ ಹತ್ತಿರ, ಡ್ರೈವರ್ ಬಾಗಿಲು ತೆಗೆಯುವವರೆಗೆ. ಇದನ್ನು ಅವರು ಸಭೆಯಲ್ಲಿ ಹೇಳಿಬಿಟ್ಟರು. ಅಲ್ಲಿಯವರೆಗೆ ಪುಸ್ತಕದಲ್ಲಿ ನಮ್ಮದೇ ಮೊದಲು ಬರಬೇಕು ಅಂತ ಕಿತ್ತಾಡುತ್ತಿದ್ದವರು, ಅವತ್ತಿನಿಂದ ನಮ್ಮದೇ ಕೊನೆಗೆ ಬರಬೇಕು ಅಂತ ಕಿತ್ತಾಡತೊಡಗಿದರು. 'ಕಾರು ಬಾಗಿಲು' ಅನ್ನುವುದು ಕಚೇರಿಯಲ್ಲಿ ಒಂದು ಹುದ್ದೆಯ ಹಾಗಾಯಿತು.

ಇನ್ನು ಅವರ ಅಕ್ಕನ ವಿಷಯ.

ಮನವಿಯವರನ್ನು ಸಾಕಿದ್ದು ಅಕ್ಕ. ಅಕ್ಕನ ಮನೆ ಬಂದರಿನ ಎದುರು ದಡದಲ್ಲಿ. ಅಲ್ಲಿಂದ ಜನ ಲಾಂಚ್ ಹತ್ತಿ ಈ ಕಡೆ ಕೆಲಸಕ್ಕೆ ಬರುತ್ತಾರೆ. ಅಕ್ಕನದು ಹೊಲಿಗೆ. ಬಂದರಿನ ಬಾವುಟಗಳನ್ನು ಹೊಲಿಯುವುದು ಅವರೇ, ಗಾಳಿ ಯಾವ ಕಡೆ ಬೀಸುತ್ತದೆ ಅಂತ ಪೈಲಟ್ಟಿಗೆ ತೋರಿಸುವ ಉದ್ದನೆಯ ಬಟ್ಟೆ ಚೀಲ ಇರುತ್ತದಲ್ಲ, ರನ್‌ವೇ ಪಕ್ಕದ ಕಂಬದ್ದು, ಅದನ್ನು ಹೊಲಿಯುವುದೂ ಅವರೇ. ನಮ್ಮ ಕಚೇರಿಯಲ್ಲಿ ನೀರಿಗೂ ಗಾಳಿಗೂ ಹೊಂದಾಣಿಕೆ ಇದ್ದದ್ದು ಅವರ ಮಿಷನ್ನಿನ ಕೆಳಗೆ ಮಾತ್ರ. ಹೊಲಿದದ್ದನ್ನು ಈ ದಡದಲ್ಲಿರುವ ಕಚೇರಿಯ ಸ್ಟೋರ್ಸಿಗೆ ಸ್ವತಃ ತಂದು ಒಪ್ಪಿಸಿ ಸಹಿ ಹಾಕಬೇಕು. ಅದು ನಿಯಮ.

ಎದುರು ದಡದ ಮೆಟ್ಟಿಲು ಕುಸಿದಿತ್ತು. ಉಬ್ಬರ ಇದ್ದಾಗ ಹೇಗೋ ಕಾಲು ಹಾಕಬಹುದು. ಇಳಿತ ಇದ್ದಾಗ ಲಾಂಚ್ ಆಳೆತ್ತರ ಕೆಳಗೆ ಹೋಗುತ್ತದೆ, ಪಾಚಿಗಟ್ಟಿದ ಕಲ್ಲು ಬೇರೆ. ಹುಡುಗರು ಹಾರುತ್ತಾರೆ. ಅಕ್ಕನದು ತುಂಬಿದ ಮೈ, ಸೊಂಟದ ನೋವು. ಲಾಂಚಿನ ಆಳುಗಳಿಬ್ಬರು ಕಂಕುಳಿಗೆ ಕೈ ಕೊಟ್ಟು ಅವರನ್ನು ಇಳಿಸುತ್ತಿದ್ದರು. "ಹುಷಾರು, ಹುಷಾರು, ಮೂಟೆ ಬಂತು," ಅಂತ ಒಬ್ಬ ನಗೆಯಾಡಿದ್ದನಂತೆ. ಅವತ್ತು ಅಕ್ಕ ಸ್ಟೋರ್ಸಿನ ಮುಂದೆ ನಿಂತು ತಮ್ಮನಿಗೆ ಅಂದದ್ದನ್ನು ನಾನೇ ಕೇಳಿದ್ದೇನೆ.

"ಮಂತ್ರಿ ಪಕ್ಕದಲ್ಲಿ ನಡೀತೀಯಂತೆ. ದೇಶಕ್ಕೆಲ್ಲಾ ಕೇಳಿ ತರ್ತೀಯಂತೆ. ಕೂಡಹುಟ್ಟಿದವಳಿಗೆ ಐದು ಮೆಟ್ಟಿಲು ಕೇಳೋಕೆ ಬಾಯಿ ಬರಲ್ವೇನೋ? ಊರಿಗೆ ಉಪಕಾರಿ, ಮನೆಗೆ ಮಾರಿ!"

"ಕೇಳ್ತಾನೇ ಇದ್ದೀನಕ್ಕ."

ಕೇಳಿದ್ದು ನಿಜ. ಮೊದಲು ನೀರಿನವರನ್ನು ಕೇಳಿದರು. ನೀರು ಮುಟ್ಟುವ ಕಲ್ಲಿಗೆ ಹಡಗು ಮಂತ್ರಾಲಯದ ಒಪ್ಪಿಗೆ ಬೇಕು ಅಂದರು. ಗಾಳಿಯವರು, ಆ ದಡ ವಿಮಾನ ಇಳಿಯುವ ದಾರಿಯ ಕೆಳಗಿದೆ, ಅಲ್ಲಿ ಏನೇ ಮೇಲೆದ್ದರೂ ವಿಮಾನ ಮಂತ್ರಾಲಯದ ಒಪ್ಪಿಗೆ ಬೇಕು ಅಂದರು.

"ಸಾರ್, ಮೆಟ್ಟಿಲು ಕೆಳಗೆ ಹೋಗೋದು," ಅಂದರು ಮನವಿಯವರು.

"ಕೆಳಗೆ ನಿಂತು ನೋಡಿದವನಿಗೆ?" ಅಂದರು ಗಾಳಿಯವರ ದೊಡ್ಡ ಸಾಹೇಬರು.

ಐದು ಮೆಟ್ಟಿಲಿಗೆ ಎರಡು ಮಂತ್ರಾಲಯ. ಹಾಗಾಗಿ ಅವರು ಅದನ್ನು ಪುಸ್ತಕದ ಕೊನೆಯ ಪುಟದಲ್ಲಿ ಸೇರಿಸುತ್ತಿದ್ದರು. ಪ್ರತಿ ವರ್ಷ ಅಚ್ಚಿಗೆ ಹೋಗುವ ಮುಂಚೆ ಅಧ್ಯಕ್ಷರು ಅದನ್ನು ಹೊಡೆದುಹಾಕುತ್ತಿದ್ದರು. "ಮೆಟ್ಟಿಲು ರಾಷ್ಟ್ರೀಯ ಅಲ್ಲ," ಅನ್ನುತ್ತಿದ್ದರು.

ಒಂದು ವರ್ಷ ಅಕ್ಕ ಇಳಿತದ ಹೊತ್ತಿನಲ್ಲಿ ಜಾರಿ, ಸೊಂಟ ಇನ್ನೂ ಹಾಳಾಗಿ, ಒಪ್ಪಿಸುವ ದಿನಕ್ಕೆ ಬರಲಾಗಲಿಲ್ಲ. ಸ್ಟೋರ್ಸಿನವರಿಗೆ ಅದೇ ಬೇಕಾಗಿತ್ತು. ಯಾವುದೋ ಕಾರ್ಖಾನೆಗೆ ಆ ಕೆಲಸ ಕೊಡಬೇಕು ಅಂತ ಮೇಲಿನವರ ಮನಸ್ಸಿನಲ್ಲಿತ್ತು. ಇನ್ನೊಂದು ಸಲ ತಪ್ಪಿದರೆ ಕೆಲಸ ಇಲ್ಲ ಅಂತ ಹೇಳಿ ಕಳಿಸಿದರು. ಅಕ್ಕನಿಗೆ ಮಿಷನ್ನು ಬಿಟ್ಟರೆ ಗಂಡ, ಮಕ್ಕಳು, ಬೇರೆ ಆದಾಯ, ಯಾವುದೂ ಇಲ್ಲ. ತನ್ನ ಮನೆಗೆ ಬಂದು ಇರು ಅಂತ ತಮ್ಮ ಅಂದರೆ, "ನಿನ್ನ ಮನೆಗೆ ಬರೋಕೂ ಆ ಮೆಟ್ಟಿಲೇ ಇಳೀಬೇಕಲ್ಲೋ," ಅನ್ನುತ್ತಿದ್ದರು.

ಆ ವರ್ಷವೇ ರಾಜಧಾನಿಯಲ್ಲಿ ಏನೋ ಅದಲುಬದಲಾಗಿ ಹಡಗು, ವಿಮಾನ ಎರಡೂ ಖಾತೆ ಒಬ್ಬರೇ ಮಂತ್ರಿಗಳ ಕೈಗೆ ಬಂದವು. ಕಚೇರಿಗೆ ಹಬ್ಬ. ಅಧ್ಯಕ್ಷರು, ಎರಡೂ ಕಡೆಯ ದೊಡ್ಡ ಸಾಹೇಬರು ಎಲ್ಲರೂ ಜೊತೆಗೆ ಹೊರಟರು. ಕಾರು ಬಾಗಿಲಿಗೆ ಯಾರು ಅನ್ನುವ ಜಗಳಕ್ಕೆ ಅಧ್ಯಕ್ಷರು, "ಕಾರಿಗೆ ಎರಡು ಬಾಗಿಲಿವೆ," ಅಂತ ತೀರ್ಮಾನ ಕೊಟ್ಟರು. ಮನವಿಯವರು ಚೀಲ ಹಿಡಿದು ಹಿಂದೆ ಬರಬೇಕು, ಬಾಯಿ ತೆಗೆಯಬಾರದು.

ಆದರೂ ನನ್ನ ಹತ್ತಿರ ಅಭ್ಯಾಸಕ್ಕೆ ಬಂದರು. ಮೆಟ್ಟಿಲ ತಿರುವಿನಲ್ಲಿ ನಾನು ನಿಂತೆ. ಮಂಡಿ ಚಳುಕು ಹೆಚ್ಚಾಗಿತ್ತು, ಹೊತ್ತು ಕಳೆಯಲಿ ಅಂತ, "ಅವರದೆಲ್ಲ ಆಯ್ತು. ನಿಮಗೇನು ಬೇಕಪ್ಪಾ?" ಅಂದೆ.

"ಅದು ಪುಸ್ತಕದಲ್ಲಿಲ್ಲ ಅಮ್ಮಾ."

"ಮಂತ್ರಿ ಕೇಳ್ತಾ ಇರೋದು."

"ಐದು ಮೆಟ್ಟಿಲು," ಅಂದರು. ಅಂದ ಮೇಲೆ ಕೈಯಲ್ಲಿದ್ದ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

ಮುಂದಿನದು ಅವರು ಬಂದು ಹೇಳಿದ್ದು. ರಾಜಧಾನಿಯಲ್ಲಿ ಎಲ್ಲರೂ ಹೆಜ್ಜೆ ಹಾಕಿ, ಹೇಳುವುದನ್ನೆಲ್ಲ ಹೇಳಿ, ಪೋರ್ಟಿಕೋಗೆ ಬಂದರೆ ಕಾರೇ ಇಲ್ಲ! ಡ್ರೈವರ್ ಚಹಾ ಕುಡಿಯಲು ಹೋಗಿದ್ದನಂತೆ. ಬಾಗಿಲಿಗೆ ಅಂತ ಇಟ್ಟುಕೊಂಡಿದ್ದ ಮಾತನ್ನು ಯಾವ ಬಾಗಿಲ ಹತ್ತಿರ ಹೇಳುವುದು? ನೀರಿನವರು ಹೂಳು ಅಂದರು, ಗಾಳಿಯವರು ರನ್‌ವೇ ಅಂದರು. ಕಾರು ಬರಲಿಲ್ಲ. ಮತ್ತೆ ಹೂಳು, ಮತ್ತೆ ರನ್‌ವೇ. ಮಂತ್ರಿಗಳು ನೋಡೋಣ ಅಂದರು, ಮನಸ್ಸಲ್ಲಿದೆ ಅಂದರು, ಅವರ ಹತ್ತಿರವೂ ಮಾತು ಖಾಲಿಯಾಯಿತು. ಎಲ್ಲರೂ ಸುಮ್ಮನೆ ರಸ್ತೆ ನೋಡುತ್ತ ನಿಂತರು. ಆ ಮೌನ ತಡೆಯಲಾರದೆ ಮಂತ್ರಿಗಳು ಚೀಲದವರ ಕಡೆ ತಿರುಗಿ, "ನಿಮ್ಮದೇನು?" ಅಂದರಂತೆ.

"ಐದು ಮೆಟ್ಟಿಲು ಸಾರ್."

"ಐದು?"

"ಐದೇ ಸಾರ್."

ಆ ಮಂತ್ರಿಗಳ ಮುಖ ಅರಳಿದ್ದು ನೋಡಬೇಕಿತ್ತು ಅಂತ ಮನವಿಯವರು ಎಷ್ಟೋ ಸಲ ಹೇಳಿದ್ದಾರೆ. ಬೆಳಗಿನಿಂದ ಕೋಟಿ ಕೋಟಿ ಕೇಳಿಸಿಕೊಂಡವರಿಗೆ, ಕೊಟ್ಟು ಕೈತೊಳೆದುಕೊಳ್ಳಬಹುದಾದ ಬೇಡಿಕೆ ಅದೊಂದೇ ಸಿಕ್ಕಿತ್ತು. ಪುಸ್ತಕ ಇಸಿದುಕೊಂಡು, ಹಡಗಿನ ಚಿತ್ರದ ಮೇಲೆ 'ಒಪ್ಪಿದೆ' ಅಂತ ಬರೆದು ಎರಡು ಖಾತೆಗೂ ಎರಡು ಸಹಿ ಹಾಕಿದರು. ಅಷ್ಟರಲ್ಲಿ ಕಾರು ಬಂತು.

ವಾಪಸು ಬರುವಾಗ ದಾರಿಯುದ್ದಕ್ಕೂ ಯಾರೂ ಅವರ ಜೊತೆ ಮಾತಾಡಲಿಲ್ಲವಂತೆ. ಅಧ್ಯಕ್ಷರು ಒಂದೇ ಮಾತು ಅಂದರು, "ಬೆಟ್ಟ ಅಗೆದು ಇಲಿ ಹಿಡಿದಿರಿ." ಆದರೆ ಮರುದಿನ ಪತ್ರಿಕೆಯವರಿಗೆ ಕೊಟ್ಟ ಹೇಳಿಕೆಯಲ್ಲಿ ಇಲಿ ಆನೆಯಾಗಿತ್ತು. ರಾಷ್ಟ್ರೀಯ ಆದ್ಯತೆಯಲ್ಲಿ ಪ್ರಾಧಿಕಾರಕ್ಕೆ ಐತಿಹಾಸಿಕ ಜಯ, ಅಂತ.

ಮೆಟ್ಟಿಲು ಕಟ್ಟಿದರು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಕಟ್ಟಿದರು. ಅಗಲವಾದ ಕಲ್ಲು, ಹಿಡಿದುಕೊಳ್ಳಲು ಸ್ಟೀಲಿನ ಕಂಬಿ, ಕೊನೆಯ ಮೆಟ್ಟಿಲು ಇಳಿತದಲ್ಲೂ ಲಾಂಚಿನ ಅಂಚಿಗೆ ಸಮ. ಕಟ್ಟಿ ಮುಗಿಸಿ, ಮೇಲೆ ಅಡ್ಡವಾಗಿ ಕೆಂಪು ಟೇಪು ಕಟ್ಟಿ, ಒಬ್ಬ ಕಾವಲುಗಾರನನ್ನು ಕೂರಿಸಿದರು. ಮಂತ್ರಿಗಳು ಬಂದು ಉದ್ಘಾಟನೆ ಮಾಡುವವರೆಗೆ ಯಾರೂ ಕಾಲಿಡಬಾರದು.

ಮಂತ್ರಿಗಳು ಈ ತಿಂಗಳು ಬರುತ್ತಾರೆ ಅಂದರು. ಬರಲಿಲ್ಲ. ಮುಂದಿನ ತಿಂಗಳು ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಕಣ್ಣಾರೆ ನೋಡಬೇಕಾದರೆ ಆ ದಡಕ್ಕೆ ಹೋಗಬೇಕಿತ್ತು. ಪಕ್ಕದಲ್ಲಿ ಮದುಮಗಳ ಹಾಗೆ ಹೊಳೆಯುವ ಹೊಸ ಮೆಟ್ಟಿಲು, ಈ ಕಡೆ ಪಾಚಿಯ ಕಲ್ಲಿನ ಮೇಲೆ ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ಜಾರುವುದು. ಹೊಸ ಪುಸ್ತಕ ಅಚ್ಚಾಯಿತು. ಅದರಲ್ಲಿ ಮೊದಲ ಆದ್ಯತೆ ಹೂಳೂ ಅಲ್ಲ, ರನ್‌ವೇಯೂ ಅಲ್ಲ. ಮೆಟ್ಟಿಲಿನ ಉದ್ಘಾಟನೆಗೆ ಮಂತ್ರಿಗಳ ದಿನಾಂಕ! ನೀರಿನವರು, ಗಾಳಿಯವರು ಜಗಳ ಇಲ್ಲದೆ ಒಪ್ಪಿದ ಬೇಡಿಕೆ ನನ್ನ ಸರ್ವೀಸಿನಲ್ಲಿ ಅದೊಂದೇ.

ಅಷ್ಟರಲ್ಲಿ ಅಕ್ಕನ ಒಪ್ಪಿಸುವ ದಿನ ಬಂತು. ತಪ್ಪಿದರೆ ಕೆಲಸ ಹೋಯಿತು. ಬೆಳಿಗ್ಗೆ, ಇಳಿತದ ಹೊತ್ತು. ಅಕ್ಕ ಗಾಳಿಚೀಲವನ್ನು ಮಡಿಸಿ ಗಂಟು ಕಟ್ಟಿ ಕಂಕುಳಲ್ಲಿಟ್ಟುಕೊಂಡು ದಡಕ್ಕೆ ಬಂದರು. ಲಾಂಚಿನ ಆಳುಗಳು ಅಭ್ಯಾಸದ ಹಾಗೆ ಕೈ ಚಾಚಿದರು.

"ಕೈ ತೆಗೀರೋ," ಅಂದರು ಅಕ್ಕ.

ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕತ್ತರಿ ತೆಗೆದರು. ಕಾವಲುಗಾರ, "ಅಕ್ಕಾ, ಮಂತ್ರಿಗಳು..." ಅಂದ. "ಬಂದ್ರೆ ಹೇಳು, ಆಗಿದೆ ಅಂತ," ಅಂದು ಟೇಪನ್ನು ನಡುವೆ ಕಚಕ್ ಅಂತ ಕತ್ತರಿಸಿ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಲಾಂಚಿಗೆ ಕಾಲಿಟ್ಟರು. ಹಿಂದೆ ಇಡೀ ದಡವೇ ಇಳಿಯಿತು.

ಸ್ಟೋರ್ಸಿನಲ್ಲಿ ಸಹಿ ಹಾಕಿ ಅವರು ಹೊರಗೆ ಬರುವ ಹೊತ್ತಿಗೆ ಸುದ್ದಿ ಚಹಾ ಕೋಣೆಗೆ ತಲುಪಿತ್ತು. ಮನವಿಯವರು ಓಡಿಬಂದರು.

"ಅಕ್ಕಾ, ಏನು ಮಾಡಿಬಿಟ್ಟೆ! ಸಂಜೆ ಅಧ್ಯಕ್ಷರು ಅಲ್ಲಿಗೆ ತಪಾಸಣೆಗೆ ಹೋಗ್ತಾರೆ. ನನ್ನ ಕೆಲಸ ಹೋಗುತ್ತೆ, ನಿನ್ನದೂ ಹೋಗುತ್ತೆ."

"ಬಾಯಿ ಮುಚ್ಚು. ಬಟ್ಟೆ ಕತ್ತರಿಸಿದವಳಿಗೆ ಹೊಲಿಯೋಕೆ ಬರಲ್ವಾ?"

ನನ್ನ ಕೈಯಿಂದ ಚಹಾ ಇಸಿದುಕೊಂಡು ಆರಾಮಾಗಿ ಕುಡಿದು ಹೋದರು. ದಡಕ್ಕೆ ವಾಪಸಾಗಿ, ಮೇಲಿನ ಮೆಟ್ಟಿಲ ಮೇಲೆ ಕೂತು, ಟೇಪಿನ ಎರಡೂ ತುದಿ ಮಡಚಿ ಹೊಲಿದು, ರವಿಕೆಗೆ ಹಾಕುತ್ತಾರಲ್ಲ ಟಿಚ್ ಬಟನ್, ಅದನ್ನು ಹಾಕಿದರು. ಒತ್ತಿದರೆ ಕೂಡುತ್ತದೆ, ಎಳೆದರೆ ಬಿಡುತ್ತದೆ. ಮೇಲೊಂದು ಸಣ್ಣ ಹೂವಿನ ಗಂಟು, ಬಟನ್ನು ಕಾಣದ ಹಾಗೆ. ಸಂಜೆ ಅಧ್ಯಕ್ಷರು ಬಂದು ನೋಡಿ, "ಟೇಪು ಮೊದಲಿಗಿಂತ ಚೆನ್ನಾಗಿ ಕಾಣ್ತಿದೆ, ಹೂವು ಯಾರ ಐಡಿಯಾ?" ಅಂದರಂತೆ. ಕಾವಲುಗಾರ, "ಮೇಲಿನವರದು ಸಾರ್," ಅಂದನಂತೆ.

ಅವತ್ತಿನಿಂದ ಆ ದಡದಲ್ಲಿ ಅದೇ ಪದ್ಧತಿ. ಪ್ರತಿ ಲಾಂಚಿಗೂ ಮೊದಲು ಬಂದವರು ಬಟನ್ ಬಿಚ್ಚುವುದು, ಕೊನೆಗೆ ಹೋದವರು ಹಾಕುವುದು. ಕಂಕುಳಲ್ಲಿ ಕೂಸು ಇದ್ದರೂ ಹೆಂಗಸರು ಒಂದೇ ಕೈಯಲ್ಲಿ ಒತ್ತಿ ಹೋಗುತ್ತಾರೆ. ಟೇಪು ಬಣ್ಣ ಬಿಟ್ಟರೆ ಸ್ಟೋರ್ಸಿನವರು ಹೊಸದಕ್ಕೆ ಅಕ್ಕನಿಗೇ ಹೇಳುತ್ತಾರೆ. ಮೊನ್ನೆ ನಾನೂ ಅಕ್ಕನನ್ನು ನೋಡಲು ಹೋದಾಗ ಬಿಚ್ಚಿ ದಾಟಿ, ಹಿಂದೆ ತಿರುಗಿ ಹಾಕಿದೆ. ಕಡತದಲ್ಲಿ ಆ ಮೆಟ್ಟಿಲು ಇವತ್ತಿಗೂ ಉದ್ಘಾಟನೆ ಆಗಿಲ್ಲ.

ಮನವಿಯವರು ಈಗಿಲ್ಲ. ನಿವೃತ್ತಿಯಾದ ಕೆಲವೇ ದಿನಕ್ಕೆ, ಅಕ್ಕನ ಮನೆಯಲ್ಲೇ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಕಚೇರಿಯ ಪತ್ರಿಕೆಯಲ್ಲಿ ಅವರ ಬಗ್ಗೆ ಎರಡು ಸಾಲು ಹಾಕಿದ್ದರು, ಫೋಟೋ ಬೇರೆ ಯಾರದ್ದೋ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಅವರ ಕೊನೆಯ ರಾಜಧಾನಿ ಪ್ರಯಾಣಕ್ಕೆ ಮುಂಚೆ. ನಾನಾಗಲೇ ಕೆಲಸ ಬಿಟ್ಟು ಮನೆಯಲ್ಲಿದ್ದೆ. ಅದೇ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಕರೆದು ಅದೇ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟೆ. ಕುಡಿಯಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

"ಕೆಟ್ಟ ಸುದ್ದಿ ಅಮ್ಮಾ," ಅಂದರು. "ಈ ವರ್ಷ ಮಂತ್ರಿಗಳಿಗೆ ಪುರುಸೊತ್ತಿದೆಯಂತೆ. ಬಂದು ಉದ್ಘಾಟನೆ ಮಾಡಿದ್ರೆ ಮೆಟ್ಟಿಲಿಗೆ ಗೇಟು ಹಾಕ್ತಾರೆ. ಕೆಳಗಿನ ಮೂರಕ್ಕೆ ನೀರಿನವರ ಪಾಸು, ಮೇಲಿನ ಎರಡಕ್ಕೆ ಗಾಳಿಯವರ ಪಾಸು. ಆದೇಶ ತಯಾರಾಗಿದೆ. ಅಕ್ಕನಿಗೆ ಎರಡೂ ಸಿಗಲ್ಲ."

"ಹಾಗಾದ್ರೆ ಕರೀಬೇಡಿ."

"ಕರೀದೇ ಇರೋ ಹಾಗಿಲ್ಲ, ಪುಸ್ತಕದಲ್ಲಿ ಮೊದಲನೇದು. ಅಧ್ಯಕ್ಷರೂ ಪಕ್ಕದಲ್ಲೇ ಇರ್ತಾರೆ. ಕೇಳಲೇಬೇಕು." ಲೋಟವನ್ನು ಒಮ್ಮೆ ತಿರುಗಿಸಿದರು. "ಆದ್ರೆ ಅಮ್ಮಾ, ಕೇಳಿಯೂ ಸಿಗದ ಹಾಗೆ ಕೇಳೋದರಲ್ಲಿ ನನಗಿರೋ ಅನುಭವ ಈ ದೇಶದಲ್ಲಿ ಯಾರಿಗಿದೆ ಹೇಳಿ?"

ನಾನು ಗೋಡೆ ಹಿಡಿದು ಎದ್ದೆ. ಅಡುಗೆಮನೆ ಬಾಗಿಲಿಂದ ಬೀದಿ ಬಾಗಿಲಿಗೆ ಎಷ್ಟು ದೂರ ಮಹಾ. ಅವರು ಲೋಟ ಕೆಳಗಿಟ್ಟು, ಅಂಗಿ ಸರಿಮಾಡಿಕೊಂಡು, ನನ್ನ ಎಡಗಡೆ ಬಂದು, ಒಂದು ಹೆಜ್ಜೆ ಮುಂದೂ ಅಲ್ಲ ಹಿಂದೂ ಅಲ್ಲ ಅನ್ನುವ ಹಾಗೆ ನಿಂತು ಕೇಳಿದರು:

"ಇನ್ನೊಂದೇ ಒಂದು ಸಲ ಮಂತ್ರಿ ಆಗ್ತೀರಾ ಅಮ್ಮಾ? ನಾನು ಕರೀತೀನಿ, ನಿಮಗೆ ಬರೋಕೆ ಮನಸ್ಸೇ ಆಗಲ್ಲ ಅನ್ನಿಸುತ್ತಾ, ನೋಡಿ ಹೇಳ್ತೀರಾ?"